ದನದ ಮೇವಿನಲ್ಲಿ ಪ್ರತಿಜೈವಿಕ: ಎಪ್ಪತ್ತು ಮಿಲಿಗ್ರಾಮಿನ ಲೆಕ್ಕ

ಗಂಟಲು ನೋವೆಂದು ನೀವು ವೈದ್ಯರ ಬಳಿಗೆ ಹೋಗುತ್ತೀರಿ. ಅವರು ಪೆನಿಸಿಲಿನ್ ವರ್ಗದ ಮಾತ್ರೆಯೊಂದನ್ನು ಬರೆದುಕೊಡುತ್ತಾರೆ. ಮಾತ್ರೆ ನುಂಗಲು ಆರಂಭಿಸಿದ ಒಂದೆರಡು ದಿನಗಳಲ್ಲೇ ಗಂಟಲಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಾಯಿಲೆ ಕಾಣಿಸಿಕೊಳ್ಳುತ್ತದೆ. ಜ್ವರ, ಹೊಟ್ಟೆನೋವು, ಬಿಡದ ಭೇದಿ. ಪರೀಕ್ಷಿಸಿದರೆ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯದ ಸೋಂಕು. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧವನ್ನು ತೆಗೆದುಕೊಳ್ಳುತ್ತಿರುವವರಿಗೇ ಬ್ಯಾಕ್ಟೀರಿಯದ ಸೋಂಕು ತಗಲುವುದು ಹೇಗೆ?

1983ರ ಆರಂಭದಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಆರೋಗ್ಯ ಅಧಿಕಾರಿಗಳ ಮುಂದೆ ಇಂಥದೇ ಪ್ರಶ್ನೆ ಬಂತು. ನಾಲ್ಕು ರಾಜ್ಯಗಳಲ್ಲಿ 18 ಮಂದಿಗೆ ‘ಸಾಲ್ಮೊನೆಲ್ಲ ನ್ಯೂಪೋರ್ಟ್’ ಎಂಬ ಪ್ರಭೇದದ ಸೋಂಕಾಗಿತ್ತು. ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ಮೃತರಾದರು. ಎಲ್ಲರಲ್ಲೂ ಸಿಕ್ಕ ಬ್ಯಾಕ್ಟೀರಿಯ ಆಂಪಿಸಿಲಿನ್, ಕಾರ್ಬೆನಿಸಿಲಿನ್ ಮತ್ತು ಟೆಟ್ರಸೈಕ್ಲೀನ್ ಎಂಬ ಮೂರು ಔಷಧಗಳಿಗೂ ಬಗ್ಗದಂಥದು. ವಿಚಾರಿಸಿದಾಗ ತಿಳಿದ ಸಂಗತಿ ಇದು: 18ರಲ್ಲಿ 12 ಮಂದಿ, ಭೇದಿ ಶುರುವಾಗುವ ಒಂದೆರಡು ದಿನ ಮೊದಲು, ಬೇರಾವುದೋ ತೊಂದರೆಗಾಗಿ ಪೆನಿಸಿಲಿನ್ ವರ್ಗದ ಔಷಧ ಸೇವಿಸುತ್ತಿದ್ದರು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸ್ಕಾಟ್ ಹೋಮ್‌ಬರ್ಗ್ ಮತ್ತು ಸಂಗಡಿಗರು ಈ ಜಾಡನ್ನು ಹಿಂಬಾಲಿಸಿದರು. ಅದು ಕೊನೆಗೊಂಡದ್ದು ಆಸ್ಪತ್ರೆಯಲ್ಲಲ್ಲ, ಸೌತ್ ಡಕೋಟ ರಾಜ್ಯದಲ್ಲಿ ಮಾಂಸಕ್ಕಾಗಿ ಸಾಕಿದ್ದ ದನಗಳ ಒಂದು ಹಿಂಡಿನಲ್ಲಿ. ಆ ದನಗಳಿಗೆ ಯಾವ ಕಾಯಿಲೆಯೂ ಇರದಿದ್ದರೂ, ಬೇಗ ಕೊಬ್ಬಲೆಂದು ಮೇವಿನೊಡನೆ ಕ್ಲೋರ್‌ಟೆಟ್ರಸೈಕ್ಲೀನ್ ಬೆರೆಸಿ ಕೊಡಲಾಗುತ್ತಿತ್ತು. ಗಮನಿಸಿ, ದನ ತಿಂದದ್ದು ಟೆಟ್ರಸೈಕ್ಲೀನ್ ಕುಟುಂಬದ ಔಷಧ, ರೋಗಿ ತಿಂದದ್ದು ಪೆನಿಸಿಲಿನ್ ಕುಟುಂಬದ್ದು. ಇವೆರಡಕ್ಕೂ ರಾಸಾಯನಿಕವಾಗಿ ನಂಟಿಲ್ಲ. ಹಾಗಾದರೆ ಒಂದರ ಬಳಕೆ ಇನ್ನೊಂದನ್ನು ಕೆಡಿಸಿದ್ದು ಹೇಗೆ? ಈ ಲೇಖನದ ಉಳಿದ ಭಾಗವೆಲ್ಲ ಇದೊಂದು ಪ್ರಶ್ನೆಗೆ ಉತ್ತರ.

ಮೇವಿಗೆ ಔಷಧ ಬಂದ ಬಗೆ

ಆರೋಗ್ಯವಂತ ಪ್ರಾಣಿಗೆ ಔಷಧ ತಿನ್ನಿಸುವ ಯೋಚನೆ ಹುಟ್ಟಿದ್ದು ಆಕಸ್ಮಿಕವಾಗಿ. ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ 1940ರ ದಶಕದ ಕೊನೆಯಲ್ಲಿ ಕೋಳಿಮರಿಗಳಿಗೆ ಬಿ12 ಜೀವಸತ್ವದ ಅಗ್ಗದ ಮೂಲವೊಂದನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ (ಕ್ಲೋರ್‌ಟೆಟ್ರಸೈಕ್ಲೀನಿನ ವ್ಯಾಪಾರನಾಮ) ತಯಾರಿಕೆಯಲ್ಲಿ ಉಳಿಯುವ ಹುದುಗಿನ ಚರಟವನ್ನು ತಿನ್ನಿಸಿ ನೋಡಿದರು. ಜೀವಸತ್ವದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಾಗಿ ಮರಿಗಳು ಬೆಳೆದವು. ಚರಟದಲ್ಲಿ ಉಳಿದಿದ್ದ ಪ್ರತಿಜೈವಿಕವೇ ಇದಕ್ಕೆ ಕಾರಣವೆಂದು ತಿಳಿಯಿತು. 1950ರಲ್ಲಿ ಸುದ್ದಿ ಪ್ರಕಟವಾಯಿತು. 1951ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೇವಿನಲ್ಲಿ ಪ್ರತಿಜೈವಿಕ ಬೆರೆಸಲು ಒಪ್ಪಿಗೆ ನೀಡಿತು. ಪೆನಿಸಿಲಿನ್ನನ್ನು ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಬ್ಯಾಕ್ಟೀರಿಯಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಂದು ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದು 1945ರಲ್ಲಿ. ಆರೇ ವರ್ಷಗಳಲ್ಲಿ ಅದು ಮರೆತುಹೋಗಿತ್ತು.

ಮಾಂಸದ ದನಗಳಲ್ಲಿ ಔಷಧಕ್ಕೆ ಇನ್ನೂ ಒಂದು ಕಾರಣವಿತ್ತು. ಅಮೆರಿಕದಲ್ಲಿ ಕರುಗಳು ಮೊದಲು ಹುಲ್ಲುಗಾವಲಿನಲ್ಲಿ ಬೆಳೆಯುತ್ತವೆ. ಬಳಿಕ ನಾಲ್ಕರಿಂದ ಆರು ತಿಂಗಳು ‘ಫೀಡ್‌ಲಾಟ್’ ಎಂಬ ಕೊಬ್ಬಿಸುವ ದೊಡ್ಡಿಗಳಲ್ಲಿರುತ್ತವೆ. ಟೆಕ್ಸಾಸ್, ಕ್ಯಾನ್ಸಸ್, ನೆಬ್ರಾಸ್ಕ ರಾಜ್ಯಗಳಲ್ಲಿ ಒಂದೊಂದು ದೊಡ್ಡಿಯಲ್ಲಿ ಹತ್ತಾರು ಸಾವಿರ ದನಗಳಿರುವುದುಂಟು. ಅಲ್ಲಿ ಹುಲ್ಲು ಕಡಿಮೆ, ಮೆಕ್ಕೆಜೋಳದಂಥ ಕಾಳು ಹೆಚ್ಚು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ಹುಲ್ಲಿನ ನಾರನ್ನು ನಿಧಾನವಾಗಿ ಹುದುಗಿಸಲೆಂದೇ ರೂಪುಗೊಂಡ ಪಾತ್ರೆ. ಅದಕ್ಕೆ ಪಿಷ್ಟವನ್ನು ಸುರಿದರೆ ಹುದುಗು ವೇಗವಾಗಿ ನಡೆದು ಆಮ್ಲ ಹೆಚ್ಚುತ್ತದೆ, ಹೊಟ್ಟೆಯ ಗೋಡೆ ಹುಣ್ಣಾಗುತ್ತದೆ. ಫ್ಯೂಸೊಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯ ಆ ಹುಣ್ಣಿನ ಮೂಲಕ ರಕ್ತ ಸೇರಿ ಯಕೃತ್ತಿನಲ್ಲಿ ಕೀವುಗಂಟು ಕಟ್ಟುತ್ತದೆ. ಇದನ್ನು ತಡೆಯಲು ಟೈಲೊಸಿನ್ ಎಂಬ ಪ್ರತಿಜೈವಿಕವನ್ನು ಮೇವಿಗೆ ಬೆರೆಸುತ್ತಾರೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ. ಅಲ್ಲದೆ ದೂರದ ಲಾರಿ ಪ್ರಯಾಣದಿಂದ ದಣಿದು ಬಂದ ಕರುಗಳು ಒತ್ತೊತ್ತಾಗಿ ಸೇರಿದಾಗ ಉಸಿರಾಟದ ಕಾಯಿಲೆ ಹರಡುವುದೂ ಸಾಮಾನ್ಯ. ಆಗ ಕೆಲವಕ್ಕೆ ಜ್ವರ ಬಂದರೂ ಇಡೀ ಗುಂಪಿಗೇ ಚುಚ್ಚುಮದ್ದು ಕೊಡುತ್ತಾರೆ. ಅಂದರೆ ತಪ್ಪು ಮೇವಿನಲ್ಲಿದೆ, ಜಾಗದಲ್ಲಿದೆ; ತೇಪೆ ಹಾಕುವ ಕೆಲಸ ಔಷಧದ್ದು.

ಅಷ್ಟು ಕಡಿಮೆ ಪ್ರಮಾಣದಿಂದ ಏನಾದೀತು?

ಭೌತವಿಜ್ಞಾನ ಪಾಠ ಮಾಡುವವನಿಗೆ ದನದ ಮೇವಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ವಿಕಿರಣಪಟು ಧಾತುವಿನ ಕ್ಷಯಕ್ಕೆ ತರಗತಿಯಲ್ಲಿ ಬಳಸುವ ಘಾತೀಯ ಗಣಿತವೇ ಇಲ್ಲಿಯೂ ಬೇಕು, ಚಿಹ್ನೆ ಮಾತ್ರ ಬೇರೆ. ಲೆಕ್ಕ ಮಾಡಿಯೇ ನೋಡೋಣ.

ಬೆಳೆದ ದನಕ್ಕೆ ತೂಕ ಹೆಚ್ಚಿಸಲೆಂದು ಕ್ಲೋರ್‌ಟೆಟ್ರಸೈಕ್ಲೀನನ್ನು ದಿನಕ್ಕೆ 70 ಮಿಲಿಗ್ರಾಮ್ ಕೊಡಲು ಅಮೆರಿಕದಲ್ಲಿ ಅನುಮತಿ ಇತ್ತು. ಅದೇ ಔಷಧವನ್ನು ರೋಗದ ಚಿಕಿತ್ಸೆಗೆ ಕೊಡುವಾಗ ಪ್ರಮಾಣ ದಿನಕ್ಕೆ ಪ್ರತಿ ಕಿಲೋಗ್ರಾಮ್ ದೇಹತೂಕಕ್ಕೆ ಸುಮಾರು 22 ಮಿಲಿಗ್ರಾಮ್. 400 ಕಿಲೋಗ್ರಾಮ್ ತೂಗುವ ದನಕ್ಕೆ ಇದು 8,800 ಮಿಲಿಗ್ರಾಮ್ ಆಗುತ್ತದೆ. 70ನ್ನು 8,800ರಿಂದ ಭಾಗಿಸಿದರೆ ಸುಮಾರು 125ರಲ್ಲಿ ಒಂದು ಭಾಗ. ಇಷ್ಟರಿಂದ ಏನು ಹಾನಿ, ಇದು ಬ್ಯಾಕ್ಟೀರಿಯಗಳನ್ನು ಕೊಲ್ಲುವುದೂ ಇಲ್ಲವಲ್ಲ ಎಂಬುದೇ ಬಹುಕಾಲ ನಡೆದ ವಾದ.

ಕೊಲ್ಲದಿರುವುದೇ ಇಲ್ಲಿನ ತೊಂದರೆ. ಚಿಕಿತ್ಸೆಯ ಪ್ರಮಾಣದ ಔಷಧ ಹೆಚ್ಚಿನ ಬ್ಯಾಕ್ಟೀರಿಯಗಳನ್ನು ಕೆಲವೇ ದಿನಗಳಲ್ಲಿ ಮುಗಿಸಿ, ತಾನೂ ನಿಂತುಹೋಗುತ್ತದೆ. ಅತ್ಯಲ್ಪ ಪ್ರಮಾಣದ ಔಷಧ ಯಾರನ್ನೂ ಕೊಲ್ಲದೆ, ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ಸ್ವಲ್ಪವೇ ನಿಧಾನ ಮಾಡುತ್ತದೆ, ಅದೂ ತಿಂಗಳುಗಟ್ಟಲೆ.

ದನದ ಕರುಳಿನಲ್ಲಿರುವ ಈ-ಕೋಲೈ ಬ್ಯಾಕ್ಟೀರಿಯವನ್ನು ಎತ್ತಿಕೊಳ್ಳಿ. ಒಂದು ಗ್ರಾಮ್ ಸಗಣಿಯಲ್ಲಿ ಅವು ಹತ್ತು ಲಕ್ಷದಷ್ಟಿರಬಹುದು. ದಿನಕ್ಕೆ 25 ಕಿಲೋಗ್ರಾಮ್ ಸಗಣಿ ಎಂದರೆ 2,500 ಕೋಟಿ. ಇವುಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಮಾತ್ರ ಟೆಟ್ರಸೈಕ್ಲೀನಿಗೆ ಪ್ರತಿರೋಧ ಪಡೆದದ್ದು ಎಂದುಕೊಳ್ಳೋಣ. ಔಷಧದ ಸಣ್ಣ ಒತ್ತಡದಿಂದಾಗಿ ಪ್ರತಿ ಪೀಳಿಗೆಯಲ್ಲಿ ಅದು ಉಳಿದವಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಸಂತತಿ ಪಡೆಯುತ್ತದೆ ಎಂದಿರಲಿ. ಆಗ ಪ್ರತಿರೋಧಿಗಳಿಗೂ ಉಳಿದವಕ್ಕೂ ಇರುವ ಅನುಪಾತ ಪೀಳಿಗೆಗೊಮ್ಮೆ 1.1ರಿಂದ ಗುಣಿಸಲ್ಪಡುತ್ತದೆ. ಹತ್ತು ಲಕ್ಷಕ್ಕೆ ಒಂದು ಇದ್ದದ್ದು ಸಮಸಮ ಆಗಲು ಎಷ್ಟು ಪೀಳಿಗೆ ಬೇಕು? 1.1ನ್ನು ಎಷ್ಟು ಬಾರಿ ಗುಣಿಸಿದರೆ 10⁶ ಆಗುತ್ತದೆಂಬುದೇ ಪ್ರಶ್ನೆ. ಲಘುಗಣಕದ ಕೋಷ್ಟಕದಲ್ಲಿ 1.1ರ ಬೆಲೆ 0.0414. ಆರನ್ನು ಇದರಿಂದ ಭಾಗಿಸಿದರೆ ಉತ್ತರ 145. ಕರುಳಿನಲ್ಲಿ ದಿನಕ್ಕೆ ಎರಡೇ ಪೀಳಿಗೆ ಎಂದು ಹಿಡಿದರೂ 72 ದಿನ ಸಾಕು. ದನ ದೊಡ್ಡಿಯಲ್ಲಿರುವುದು ನಾಲ್ಕು ತಿಂಗಳಿಗೂ ಹೆಚ್ಚು.

ನಾನು ಆರಿಸಿಕೊಂಡ ಶೇಕಡ ಹತ್ತು ಒಂದು ಊಹೆ. ಅದನ್ನು ಬದಲಾಯಿಸಿ ನೀವೇ ಲೆಕ್ಕ ಮಾಡಬಹುದು. ಆದರೆ ಇಂಥ ಅತ್ಯಲ್ಪ ಪ್ರಮಾಣದಲ್ಲೂ ಆಯ್ಕೆ ನಡೆಯುತ್ತದೆಂಬುದು ಊಹೆಯಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಡಾನ್ ಆಂಡರ್ಸನ್ ಮತ್ತು ಸಂಗಡಿಗರು 2011ರಲ್ಲಿ ಪ್ರತಿರೋಧವಿರುವ ಮತ್ತು ಇಲ್ಲದ ಬ್ಯಾಕ್ಟೀರಿಯಗಳನ್ನು ಒಟ್ಟಿಗೆ ಬೆಳೆಸಿ ಎಣಿಸಿದರು. ಬೆಳವಣಿಗೆಯನ್ನು ಪೂರ್ತಿ ನಿಲ್ಲಿಸಲು ಬೇಕಾಗುವ ಔಷಧ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಇದ್ದಾಗಲೂ ಕೆಲವು ಪ್ರತಿರೋಧಿಗಳು ಮೇಲುಗೈ ಪಡೆದುವು.

ಚೀಲದಲ್ಲಿ ಬಂದ ಉಪಾಯಗಳು

ಟೆಟ್ರಸೈಕ್ಲೀನಿಗೆ ಬ್ಯಾಕ್ಟೀರಿಯ ಹೇಗೆ ಬಗ್ಗದಿರುತ್ತದೆ? ಒಂದು ಉಪಾಯ ಭೌತವಿಜ್ಞಾನದವರಿಗೆ ಮೆಚ್ಚುಗೆಯಾಗುವಂಥದು. ಅದರ ಕೋಶಪೊರೆಯಲ್ಲಿ ಒಂದು ಪಂಪು ಇರುತ್ತದೆ. ಪೊರೆಯ ಹೊರಗೆ ಪ್ರೋಟಾನುಗಳ ಸಾಂದ್ರತೆ ಹೆಚ್ಚು, ಒಳಗೆ ಕಡಿಮೆ. ಪ್ರೋಟಾನೊಂದು ಒಳಕ್ಕೆ ಇಳಿಯುವಾಗ ದೊರೆಯುವ ಶಕ್ತಿಯಿಂದ ಈ ಪಂಪು ಔಷಧದ ಅಣುವನ್ನು ಹೊರಕ್ಕೆ ನೂಕುತ್ತದೆ. ಪೆನಿಸಿಲಿನ್ ವರ್ಗದ ಔಷಧಗಳಿಗೆ ಉಪಾಯವೇ ಬೇರೆ: ಔಷಧದ ಅಣುವಿನ ಮುಖ್ಯ ಉಂಗುರವನ್ನು ಕತ್ತರಿಸುವ ಕಿಣ್ವವೊಂದನ್ನು ಬ್ಯಾಕ್ಟೀರಿಯ ತಯಾರಿಸುತ್ತದೆ. ಪಂಪಿಗೊಂದು ಜೀನ್, ಕಿಣ್ವಕ್ಕೆ ಇನ್ನೊಂದು ಜೀನ್. ಒಂದನ್ನು ಪಡೆದದ್ದಕ್ಕೆ ಇನ್ನೊಂದು ತಾನಾಗಿ ಬರಬೇಕಾದ ಕಾರಣವೇ ಇಲ್ಲ.

ಆದರೂ ಬರುತ್ತದೆ. ಇದನ್ನು ಮೊದಲು ಕಂಡವರು ಜಪಾನಿನವರು. 1950ರ ದಶಕದಲ್ಲಿ ಅಲ್ಲಿ ಆಮಶಂಕೆ ತರುವ ಷಿಗೆಲ್ಲ ಬ್ಯಾಕ್ಟೀರಿಯಗಳು ಸಲ್ಫ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಸೈಕ್ಲೀನ್ ಎಂಬ ನಾಲ್ಕು ಔಷಧಗಳಿಗೂ ಒಟ್ಟಿಗೇ ಪ್ರತಿರೋಧ ತೋರಿಸಿದುವು. ನಾಲ್ಕು ಉತ್ಪರಿವರ್ತನೆಗಳು ಒಂದೇ ಕೋಶದಲ್ಲಿ ಆಗುವ ಸಂಭವ ಎಷ್ಟು? ಒಂದೊಂದಕ್ಕೂ 10⁸ರಲ್ಲಿ ಒಂದು ಎಂದರೆ ನಾಲ್ಕಕ್ಕೂ ಸೇರಿ 10³²ರಲ್ಲಿ ಒಂದು. ಅಸಾಧ್ಯವೆನ್ನಬಹುದು. 1959ರಲ್ಲಿ ಓಚಿಯಾಯ್ ಮತ್ತು ಅಕಿಬ ಅವರ ತಂಡಗಳು ಈ ಗುಣವು ಈ-ಕೋಲೈಯಿಂದ ಷಿಗೆಲ್ಲಕ್ಕೆ, ಅಂದರೆ ಒಂದು ಜಾತಿಯಿಂದ ಇನ್ನೊಂದಕ್ಕೆ, ಇಡಿಯಾಗಿ ದಾಟುವುದನ್ನು ತೋರಿಸಿದುವು. ದಾಟುವ ವಸ್ತುವಿಗೆ ನಾವೀಗ ಪ್ಲಾಸ್ಮಿಡ್ ಎನ್ನುತ್ತೇವೆ. ಅದು ಬ್ಯಾಕ್ಟೀರಿಯದ ಮುಖ್ಯ ಡಿಎನ್ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್ಎ ಉಂಗುರ. ಒಂದೇ ಉಂಗುರದಲ್ಲಿ ಹಲವು ಪ್ರತಿರೋಧಗಳ ಜೀನುಗಳು ಸಾಲಾಗಿ ಕುಳಿತಿರಬಹುದು. ಹಲವು ಉಪಕರಣಗಳನ್ನು ತುಂಬಿದ ಬಡಗಿಯ ಚೀಲವನ್ನು ಊಹಿಸಿಕೊಳ್ಳಿ. ಉಳಿ ಬೇಕೆಂದು ಚೀಲ ತೆಗೆದುಕೊಂಡವನ ಕೈಗೆ ಗರಗಸವೂ ಬರುತ್ತದೆ.

ದನಕ್ಕೆ ಟೆಟ್ರಸೈಕ್ಲೀನ್ ತಿನ್ನಿಸಿದಾಗ ಆಯ್ಕೆಯಾಗುವುದು ಪಂಪಿನ ಜೀನ್ ಮಾತ್ರವಲ್ಲ, ಅದನ್ನು ಹೊತ್ತ ಇಡೀ ಪ್ಲಾಸ್ಮಿಡ್. ಅದರಲ್ಲಿ ಆಂಪಿಸಿಲಿನ್ನನ್ನು ಕತ್ತರಿಸುವ ಕಿಣ್ವದ ಜೀನ್ ಇದ್ದರೆ ಅದೂ ಹೆಚ್ಚುತ್ತದೆ. ಆ ದೊಡ್ಡಿಯಲ್ಲಿ ಯಾರೂ ಆಂಪಿಸಿಲಿನ್ನನ್ನು ಕಣ್ಣಿನಲ್ಲೂ ಕಂಡಿರಬೇಕಾಗಿಲ್ಲ. ಇದಕ್ಕೆ ಸಹ-ಆಯ್ಕೆ ಎನ್ನೋಣ.

ಈಗ 1983ಕ್ಕೆ ಮರಳೋಣ. ಹೋಮ್‌ಬರ್ಗ್ ತಂಡ ಆಧರಿಸಿದ್ದು ಈ ಪ್ಲಾಸ್ಮಿಡ್ಡುಗಳನ್ನೇ. ಡಿಎನ್ಎ ಋಣ ವಿದ್ಯುದಂಶ ಉಳ್ಳದ್ದು. ಲೋಳೆಯಂಥ ಜೆಲ್ ಪದರದಲ್ಲಿಟ್ಟು ವಿದ್ಯುತ್ ಕ್ಷೇತ್ರ ಕೊಟ್ಟರೆ ಅದು ಧನ ಧ್ರುವದತ್ತ ಸರಿಯುತ್ತದೆ. ಸಣ್ಣ ಉಂಗುರ ಬೇಗ, ದೊಡ್ಡದು ನಿಧಾನ. ನಿಂತ ಜಾಗದಿಂದ ಗಾತ್ರ ತಿಳಿಯುತ್ತದೆ. ರೋಗಿಗಳ ಬ್ಯಾಕ್ಟೀರಿಯದಲ್ಲಿ ಸಿಕ್ಕದ್ದು 38 ಸಾವಿರ ಪ್ರತ್ಯಾಮ್ಲ ಜೋಡಿಗಳ ಉದ್ದದ ಒಂದು ಪ್ಲಾಸ್ಮಿಡ್. ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಪ್ರಾಣಿಗಳಿಂದ ಮತ್ತು ಮನುಷ್ಯರಿಂದ ಪಡೆದ ನ್ಯೂಪೋರ್ಟ್ ಮಾದರಿಗಳ ಜೊತೆ ಈ ‘ಬೆರಳಚ್ಚನ್ನು’ ಹೋಲಿಸಿ, ರೋಗಿಗಳು ತಿಂದಿದ್ದ ಮಾಂಸ ಯಾವ ಕಸಾಯಿಖಾನೆಯಿಂದ, ಯಾವ ಹಿಂಡಿನಿಂದ ಬಂತೆಂದು ಹಿಂದಕ್ಕೆ ಹುಡುಕುತ್ತ ಅವರು ಸೌತ್ ಡಕೋಟಕ್ಕೆ ತಲುಪಿದರು. ವರದಿ 1984ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾತ್ರೆ ತೆಗೆದುಕೊಂಡವರಿಗೇ ಕಾಯಿಲೆ ಬಂದದ್ದೇಕೆ ಎಂಬುದು ಈಗ ಸ್ಪಷ್ಟ. ಕೊಚ್ಚಿದ ಮಾಂಸದ ಖಾದ್ಯದೊಡನೆ ಹೊಟ್ಟೆಗೆ ಹೋದ ಸಾಲ್ಮೊನೆಲ್ಲಗಳು ಕೆಲವೇ ಆಗಿದ್ದರೆ, ಆರೋಗ್ಯವಂತನ ಕರುಳಿನಲ್ಲಿ ಮೊದಲೇ ನೆಲೆಸಿರುವ ಕೋಟ್ಯಂತರ ನಿರಪಾಯ ಬ್ಯಾಕ್ಟೀರಿಯಗಳು ಅವಕ್ಕೆ ಜಾಗ ಕೊಡುವುದಿಲ್ಲ. ಪೆನಿಸಿಲಿನ್ ವರ್ಗದ ಮಾತ್ರೆ ಈ ಹಳೆಯ ನಿವಾಸಿಗಳನ್ನು ಕೊಂದಿತು. ಬಗ್ಗದ ಸಾಲ್ಮೊನೆಲ್ಲಕ್ಕೆ ಖಾಲಿ ಹೊಲ ಸಿಕ್ಕಿತು. ದನಕ್ಕೆ ಕೊಟ್ಟ ಔಷಧ ಬಿತ್ತನೆ ಬೀಜವನ್ನು ಆರಿಸಿಕೊಟ್ಟರೆ, ರೋಗಿಗೆ ಕೊಟ್ಟ ಔಷಧ ನೆಲವನ್ನು ಹಸನು ಮಾಡಿತು.

ಮಾಂಸ ತಿನ್ನದವರಿಗೆ ಇದು ಅನ್ವಯಿಸದು ಎನ್ನುವಂತೆಯೂ ಇಲ್ಲ. ಅದಕ್ಕೂ ಮೊದಲು, 1976ರಲ್ಲಿ, ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಬಾಸ್ಟನ್ ಸಮೀಪದ ಒಂದು ಕೋಳಿ ಫಾರ್ಮಿನಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ್ದರು. 300 ಮರಿಗಳಲ್ಲಿ ಅರ್ಧಕ್ಕೆ ಆಕ್ಸಿಟೆಟ್ರಸೈಕ್ಲೀನ್ ಬೆರೆಸಿದ ಆಹಾರ, ಉಳಿದರ್ಧಕ್ಕೆ ಸಾದಾ ಆಹಾರ. ಔಷಧ ತಿಂದ ಮರಿಗಳ ಕರುಳಿನ ಬ್ಯಾಕ್ಟೀರಿಯಗಳು ಬಹುಬೇಗ ಪ್ರತಿರೋಧಿಗಳಾದುವು. ಕೆಲವೇ ವಾರಗಳಲ್ಲಿ, ಕೊಟ್ಟೇ ಇರದ ಔಷಧಗಳಿಗೂ ಪ್ರತಿರೋಧ ಕಾಣಿಸಿತು. ಐದಾರು ತಿಂಗಳಲ್ಲಿ ಆ ಫಾರ್ಮಿನ ಮನೆಯವರ ಕರುಳಿನಲ್ಲೂ ಇಂಥ ಬ್ಯಾಕ್ಟೀರಿಯ ಹೆಚ್ಚಿತು. ನೆರೆಮನೆಗಳವರಲ್ಲಿ ಅಷ್ಟು ಹೆಚ್ಚಲಿಲ್ಲ.

ನಿಯಮಗಳ ನಿಧಾನ ನಡಿಗೆ

ಬ್ರಿಟನ್ನಿನಲ್ಲಿ ಸ್ವಾನ್ ಸಮಿತಿ, ಮನುಷ್ಯರಿಗೆ ಬೇಕಾದ ಪ್ರತಿಜೈವಿಕಗಳನ್ನು ಪ್ರಾಣಿಗಳ ಬೆಳವಣಿಗೆಗೆ ಬಳಸಬಾರದೆಂದು 1969ರಲ್ಲೇ ಹೇಳಿತ್ತು. ಸ್ವೀಡನ್ 1986ರಲ್ಲಿ ಬೆಳವಣಿಗೆಯ ಬಳಕೆಯನ್ನು ನಿಷೇಧಿಸಿತು, ಇಡೀ ಯುರೋಪ್ ಒಕ್ಕೂಟ 2006ರ ಜನವರಿಯಿಂದ. ಅಮೆರಿಕದ ಆಡಳಿತ 1977ರಲ್ಲಿ ಮೇವಿನ ಪೆನಿಸಿಲಿನ್ ಮತ್ತು ಟೆಟ್ರಸೈಕ್ಲೀನ್ ನಿಲ್ಲಿಸುವ ಪ್ರಸ್ತಾವ ಮಾಡಿತು. ಇನ್ನಷ್ಟು ಪುರಾವೆ ಬೇಕೆಂದು ಅದು ನೆನೆಗುದಿಗೆ ಬಿದ್ದು, 2011ರಲ್ಲಿ ಆಡಳಿತವೇ ಹಿಂತೆಗೆದುಕೊಂಡಿತು. ಮುಂದೆ ಬೇರೆ ದಾರಿಯಿಂದ, ತಯಾರಕರ ಒಪ್ಪಿಗೆ ಪಡೆದು, 2017ರ ಜನವರಿ 1ರಿಂದ ಮನುಷ್ಯರಿಗೆ ಮುಖ್ಯವಾದ ಪ್ರತಿಜೈವಿಕಗಳನ್ನು ಬೆಳವಣಿಗೆಗಾಗಿ ಬಳಸುವುದು ಅಲ್ಲಿ ಕೊನೆಗೊಂಡಿತು. ಆ ವರ್ಷ ಇಂಥ ಔಷಧಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡ 33 ಇಳಿಯಿತು. 2023ರ ಜೂನ್‌ನಿಂದ ಚುಚ್ಚುಮದ್ದು ಮೊದಲಾದವಕ್ಕೂ ಪಶುವೈದ್ಯರ ಚೀಟಿ ಬೇಕು.

ಇದರಿಂದ ಸಮಸ್ಯೆ ಮುಗಿಯಿತೆಂದು ನನಗನ್ನಿಸುವುದಿಲ್ಲ. ‘ಬೆಳವಣಿಗೆಗೆ’ ಎಂಬ ಪದ ಚೀಟಿಯಿಂದ ಹೋಗಿದೆ. ‘ರೋಗ ತಡೆಗೆ’ ಎಂಬುದು ಉಳಿದಿದೆ. ಯಾವ ಉದ್ದೇಶದಿಂದ ಕೊಟ್ಟರೆಂಬುದು ಬ್ಯಾಕ್ಟೀರಿಯಕ್ಕೆ ತಿಳಿಯದು. ಮನುಷ್ಯರಲ್ಲಿನ ಪ್ರತಿರೋಧಕ್ಕೆ ಆಸ್ಪತ್ರೆಗಳ, ಔಷಧದಂಗಡಿಗಳ ದುರ್ಬಳಕೆಯೇ ದೊಡ್ಡ ಕಾರಣವೆಂದು ಮಾಂಸೋದ್ಯಮದವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಒಂದು ತೂತಿನಿಂದ ಹೆಚ್ಚು ನೀರು ಸೋರುತ್ತಿದೆಯೆಂದು ಇನ್ನೊಂದನ್ನು ಮುಚ್ಚದಿರುವುದು ಯಾವ ಲೆಕ್ಕ?

ನಮ್ಮಲ್ಲಿ ಆ ಬಗೆಯ ದೊಡ್ಡಿಗಳಿಲ್ಲ. ನಮ್ಮ ರೈತರದು ಹಿತ್ತಿಲ ಕೊಟ್ಟಿಗೆಯ ಹೈನುಗಾರಿಕೆ. ಆದರೂ ಕೆಚ್ಚಲು ಬಾವಿಗೆ ಪ್ರತಿಜೈವಿಕ ಕೊಡುವುದು, ಹಾಲು ಚೆಲ್ಲಬೇಕಾಗುತ್ತದೆಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲೇ ನಡೆದಿರಬಹುದು. ತರಗತಿಯಲ್ಲಿ ಕೇಳಿ ನೋಡಿ. ಕೊನೆಯ ಅಸ್ತ್ರವೆಂದು ವೈದ್ಯರು ಕಾಪಾಡಿಕೊಂಡಿರುವ ಕೊಲಿಸ್ಟಿನ್ ಔಷಧಕ್ಕೆ ಪ್ರತಿರೋಧ ನೀಡುವ ಜೀನ್ ಪ್ಲಾಸ್ಮಿಡ್ಡಿನಲ್ಲಿರುವುದು 2015ರಲ್ಲಿ ಚೀನದಲ್ಲಿ, ಹಂದಿಗಳ ಬ್ಯಾಕ್ಟೀರಿಯಗಳಲ್ಲಿ, ಪತ್ತೆಯಾಯಿತು. ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ನಿಲ್ಲಿಸಿದ ಮೇಲೆ

ಔಷಧ ನಿಲ್ಲಿಸಿದರೆ ಪ್ರತಿರೋಧ ತಾನಾಗಿ ಮಾಯವಾದೀತೆ? ಅದೇ ಲೆಕ್ಕವನ್ನು ತಿರುಗಿಸಿ ಮಾಡಿ. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಕ್ಕೆ ಒಂದಿಷ್ಟು ಭಾರ. ಆ ಭಾರ ಪೀಳಿಗೆಗೆ ಶೇಕಡ ಒಂದು ಎಂದಿಟ್ಟುಕೊಂಡರೆ, ಸಮಸಮ ಇದ್ದದ್ದು ಹತ್ತು ಲಕ್ಷಕ್ಕೆ ಒಂದಾಗಲು ಸುಮಾರು 1,390 ಪೀಳಿಗೆ ಬೇಕು. ಅಂದರೆ ಹೆಚ್ಚುಕಡಿಮೆ ಎರಡು ವರ್ಷ. ಏರಿದ್ದು 72 ದಿನದಲ್ಲಿ.

ಅದೂ ಪ್ಲಾಸ್ಮಿಡ್ಡಿನ ಬೇರೆ ಯಾವ ಜೀನಿಗೂ ಕೆಲಸವಿಲ್ಲದಿದ್ದರೆ ಮಾತ್ರ. ಇದನ್ನು ಡೆನ್ಮಾರ್ಕ್ ಕಂಡುಕೊಂಡಿತು. ಅಲ್ಲಿ ಕೋಳಿ ಮತ್ತು ಹಂದಿಗಳಿಗೆ ಅವೊಪಾರ್ಸಿನ್ ಎಂಬ ಔಷಧ ಕೊಡುತ್ತಿದ್ದರು. ಆಸ್ಪತ್ರೆಗಳಲ್ಲಿ ಬಳಸುವ ವ್ಯಾಂಕೊಮೈಸಿನ್‌ಗೆ ಇದು ದಾಯಾದಿ. 1995ರಲ್ಲಿ ಅದನ್ನು ನಿಷೇಧಿಸಿದರು. ಆಗ ಕೋಳಿಗಳಿಂದ ಪಡೆದ ಎಂಟರೊಕಾಕಸ್ ಬ್ಯಾಕ್ಟೀರಿಯಗಳಲ್ಲಿ ಶೇಕಡ 70ಕ್ಕೂ ಹೆಚ್ಚು ವ್ಯಾಂಕೊಮೈಸಿನ್ನಿಗೆ ಪ್ರತಿರೋಧಿಗಳಾಗಿದ್ದುವು. 2000ದ ಹೊತ್ತಿಗೆ ಶೇಕಡ 6ರಷ್ಟಕ್ಕೆ ಇಳಿದುವು. ಹಂದಿಗಳಲ್ಲಿ ಮಾತ್ರ ನಿಷೇಧದ ಬಳಿಕವೂ ಶೇಕಡ 20ರ ಆಸುಪಾಸಿನಲ್ಲಿ ಅಲುಗದೆ ನಿಂತಿತು. ಹುಡುಕಿದಾಗ ಕಾರಣ ಸಿಕ್ಕಿತು: ಹಂದಿಗಳ ಮೇವಿನಲ್ಲಿ ಟೈಲೊಸಿನ್ ಇನ್ನೂ ಇತ್ತು, ಎರಡೂ ಪ್ರತಿರೋಧಗಳ ಜೀನುಗಳು ಒಂದೇ ಪ್ಲಾಸ್ಮಿಡ್ಡಿನಲ್ಲಿದ್ದುವು. 1998ರಲ್ಲಿ ಟೈಲೊಸಿನ್ ಬಳಕೆ ಇಳಿದ ಮೇಲೆಯೇ ಹಂದಿಗಳಲ್ಲೂ ವ್ಯಾಂಕೊಮೈಸಿನ್ ಪ್ರತಿರೋಧ ಇಳಿಯಿತು.

ಅಮೆರಿಕದ ದೊಡ್ಡಿಗಳಲ್ಲಿ ದನಗಳ ಯಕೃತ್ತಿನ ಕೀವುಗಂಟು ತಡೆಯಲು, ಈಗ ಪಶುವೈದ್ಯರ ಚೀಟಿಯೊಡನೆ, ಮೇವಿಗೆ ಬೆರೆಸುತ್ತಿರುವುದು ಇದೇ ಟೈಲೊಸಿನ್.